ಐದು ಸಾವಿರದಾಚೆಯ ಸದ್ದು

ಆ ದಿನ ನಾಲ್ಕು ಗಂಟೆಯೊಳಗೆ ನಾನು ಬಾಯಿ ಬಿಡದಿದ್ದರೆ, ನನ್ನ ಮಾವನವರು ತಮ್ಮ ಕೈಯಾರೆ, ಅದೂ ತುಂಬು ಶ್ರದ್ಧೆಯಿಂದ, ನಾನು ಈ ಜನ್ಮದಲ್ಲಿ ಕೇಳಿದ ಅತ್ಯಂತ ಚೆಲುವಾದ ಸ್ಪೀಕರ್ ಜೋಡಿಯೊಂದನ್ನು ಕೆಡಿಸಿಬಿಡುತ್ತಿದ್ದರು. ಬಾಯಿ ಬಿಟ್ಟರೆ ಮುರಿದುಬೀಳುವವರು ಅವರೇ. ಈ ಎರಡರ ನಡುವೆ ಸಿಕ್ಕಿಕೊಂಡು ನಾನು ಒದ್ದಾಡಿದ ಕೆಲವು ಗಂಟೆಗಳ ಕಥೆ ಇದು.

ನಮ್ಮದು ಹಳೆಯ ಸ್ಪೀಕರ್‌ಗಳಿಗೆ ಮರುಜೀವ ಕೊಡುವ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಮೇಲೆ ಮನೆ, ಕೆಳಗೆ ಉದ್ದನೆಯ ಒಂದು ಕೋಣೆ, ಕೋಣೆಯ ತುಂಬ ಅಂಟಿನ ಮತ್ತು ಕಾಯ್ದ ಸೀಸದ ವಾಸನೆ. ಮೇಜಿನ ಮೇಲೆ ಇಡುವ ಪುಟ್ಟ ಡಬ್ಬಿಗಳಿಗೆ ನಾವು ಕೈ ಹಾಕುವುದಿಲ್ಲ. ನೆಲದ ಮೇಲೆ ತಾವಾಗಿ ನಿಲ್ಲುವ, ಎದೆಮಟ್ಟದ ಮರದ ಪೆಟ್ಟಿಗೆಗಳು ಮಾತ್ರ. ಮೂವತ್ತು ನಲವತ್ತು ವರ್ಷ ಯಾರದೋ ಮನೆಯ ನಡುಕೋಣೆಯಲ್ಲಿ ಹಾಡಿ, ಕಾಗದದ ಕೋನು ಹರಿದು, ಅಂಚಿನ ರಬ್ಬರು ಪುಡಿಯಾಗಿ, ಹಳೆಯ ಬೆಡ್‌ಶೀಟು ಹೊದ್ದುಕೊಂಡು ಅವು ನಮ್ಮ ಬಾಗಿಲಿಗೆ ಬರುತ್ತವೆ.

ಈ ಕಸುಬಿನವರ ನಡುವೆ ಮಾವನವರಿಗೆ 'ಕಿವಿ' ಎಂದೇ ಹೆಸರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಗಿರಾಕಿಯೊಬ್ಬರು ಕೆಳಗೆ ಪೆಟ್ಟಿಗೆಯನ್ನು ಹಾಡಿಸುತ್ತ ನಿಂತಿದ್ದರು. ಮಾವನವರು ಇನ್ನೂ ಮೆಟ್ಟಿಲಿಳಿಯುತ್ತಿದ್ದರು. ಕೋಣೆಗೆ ಕಾಲಿಡುವ ಮೊದಲೇ, "ಎಡಗಡೆ ಪೆಟ್ಟಿಗೆ. ಹಿಂದುಗಡೆ ಹಲಗೆ. ಕೆಳಗಿನಿಂದ ಎರಡನೇ ಸ್ಕ್ರೂ ಸಡಿಲ ಆಗಿದೆ, ಬಿಗಿ ಮಾಡಮ್ಮ" ಎಂದರು. ನಾನು ಹೋಗಿ ಮುಟ್ಟಿ ನೋಡಿದೆ. ಎರಡನೇ ಸ್ಕ್ರೂ, ಅರ್ಧ ಸುತ್ತಿನಷ್ಟು ಸಡಿಲ. ಮರುದಿನವೇ ನಾನು ಅವರ ಬಳಿ ಕೆಲಸ ಕಲಿಯಲು ಕುಳಿತೆ.

ನನ್ನ ತವರಿನವರು ಪುಸ್ತಕಕ್ಕೆ ರಟ್ಟು ಕಟ್ಟುವವರು. ಅಂಟು, ಕಾಗದ, ಬಟ್ಟೆ ಇವೆಲ್ಲ ನನ್ನ ಬೆರಳಿಗೆ ಹಳೆಯ ಪರಿಚಯ. ಕೋನು ಅಂಟಿಸುವುದರಲ್ಲಿ ಎರಡೇ ವರ್ಷಕ್ಕೆ ನಾನು ಪಳಗಿದೆ. ಆದರೆ ಕೊನೆಯ ಹೆಜ್ಜೆ ಮಾತ್ರ ಸದಾ ಮಾವನವರದೇ. ಪ್ರತಿಯೊಂದು ಪೆಟ್ಟಿಗೆಯ ಒಳಗೂ ಒಂದು ಹಲಗೆಯಿರುತ್ತದೆ. ದಪ್ಪ ಸದ್ದನ್ನು ದೊಡ್ಡ ಕೋನಿಗೂ, ತೆಳು ಸದ್ದನ್ನು ಮೇಲಿನ ಪುಟ್ಟ ಟ್ವೀಟರಿಗೂ ಹಂಚುವುದು ಅದರ ಕೆಲಸ. ಆ ಟ್ವೀಟರಿಗೆ ಎಷ್ಟು ಪಾಲು ಎಂಬುದರಲ್ಲಿ ಪೆಟ್ಟಿಗೆಯ ಹಣೆಬರಹವಿದೆ. ಹೆಚ್ಚಾದರೆ ಚುಚ್ಚುತ್ತದೆ, ಕಡಿಮೆಯಾದರೆ ಮಂಕಾಗುತ್ತದೆ. ಮಾವನವರು ಕಣ್ಣು ಮುಚ್ಚಿ ಕುಳಿತು ಆ ಪಾಲನ್ನು ಗೊತ್ತುಮಾಡುವಾಗ ಕೋಣೆಯಲ್ಲಿ ಯಾರೂ ಉಸಿರು ಕೂಡ ಜೋರಾಗಿ ಬಿಡುತ್ತಿರಲಿಲ್ಲ.

ಅಂದು ಬೆಳಿಗ್ಗೆ ಹತ್ತಕ್ಕೆ ಬಂದವರು ಹಡಗಿನ ನಿವೃತ್ತ ಎಂಜಿನಿಯರು. ನಮ್ಮಲ್ಲಿ ಅವರಿಗೆ ಹಡಗಿನವರು ಎಂದೇ ಹೆಸರು ಬಿದ್ದಿತ್ತು. ಮೂರು ಜೋಡಿಗಳನ್ನು ಕೇಳಿ, ಒಂದನ್ನು ಮನೆಗೆ ಒಯ್ಯುವುದು ಅವರ ಆಸೆ.

"ಮೂವತ್ತೆರಡು ವರ್ಷ ಹಡಗಿನ ಹೊಟ್ಟೇಲಿ ಇದ್ದೋನು ನಾನು," ಎಂದರು ಅವರು, ಕುರ್ಚಿ ಎಳೆದುಕೊಳ್ಳುತ್ತ. "ಎಂಜಿನ್ ಸದ್ದು ಬಿಟ್ಟು ಬೇರೆ ಏನೂ ಕೇಳದ ಕಿವಿ. ನನ್ನ ಕಿವಿ ನಂಬೋ ಹಾಗಿಲ್ಲ ಸ್ವಾಮಿ. ನೀವು ಹೇಳಿದ್ದನ್ನ ತಗೊಂಡು ಹೋಗ್ತೀನಿ."

"ಹಾಗೆಲ್ಲ ಆಗಲ್ಲ," ಎಂದರು ಮಾವನವರು. "ಮದುವೆ ನಿಮ್ಮದು. ನಾನು ಬರೀ ಜೊತೇಲಿ ಬಂದೋನು."

ಮಾವನವರ ಪದ್ಧತಿ ಕಟ್ಟುನಿಟ್ಟು. ಪೆಟ್ಟಿಗೆಗಳ ಮುಂದೆ ತೆಳು ಬಟ್ಟೆಯ ಪರದೆ ಇಳಿಬಿಡಬೇಕು, ಕಣ್ಣು ಆರಿಸಬಾರದು. ಒಂದೇ ಗ್ರಾಮಫೋನ್ ಪ್ಲೇಟು, ಒಂದೇ ಹಾಡು. ಎಲ್ಲಕ್ಕಿಂತ ಮುಖ್ಯ, ಮಾಪಕದ ಮುಳ್ಳು ನೋಡಿಕೊಂಡು ಎಲ್ಲ ಜೋಡಿಗಳ ಜೋರನ್ನೂ ಸಮ ಮಾಡಬೇಕು. "ಜೋರಾಗಿರೋದು ಯಾವಾಗ್ಲೂ ಚೆನ್ನಾಗಿದೆ ಅನ್ಸತ್ತೆ. ಕಿವಿಗೆ ಅದೊಂದು ಚಪಲ" ಎನ್ನುತ್ತಿದ್ದರು.

ಮೂರು ಜೋಡಿಗೂ ಅವರೇ ಅಡ್ಡಹೆಸರು ಇಟ್ಟಿದ್ದರು. ಅಗಲ ಎದೆಯ ಜೋಡಿ 'ಪೈಲ್ವಾನ್'. ನೋಡಲು ಒಂದೇ ಥರ ಇದ್ದೂ ಎಷ್ಟು ರಿಪೇರಿ ಮಾಡಿದರೂ ಒಂದೇ ದನಿಯಲ್ಲಿ ಮಾತಾಡದ ಜೋಡಿ 'ಅತ್ತೆ-ಸೊಸೆ'. ಈ ಹೆಸರಿಗೆ ಅತ್ತೆಯವರು ವಾರಗಟ್ಟಲೆ ಮುನಿಸಿಕೊಂಡಿದ್ದರು. ಇವೆರಡನ್ನೂ ಮಾವನವರು ಈ ಎರಡು ವರ್ಷಗಳಲ್ಲಿ ರಿಪೇರಿ ಮಾಡಿದ್ದರು. ಮೂರನೆಯದು 'ಬೀರು', ಹಿಂದಿನ ವಾರವಷ್ಟೇ ಬಂದದ್ದು. ಬಟ್ಟೆ ಇಡುವ ಬೀರುವಿನಂತೆಯೇ ಚೌಕಾಕಾರ, ಅಂದಚೆಂದವಿಲ್ಲ. ತಯಾರಾಗಿ ನಲವತ್ತು ವರ್ಷವಾದರೂ ಅದನ್ನು ಒಮ್ಮೆಯೂ ಯಾರೂ ಬಿಚ್ಚಿರಲಿಲ್ಲ. ಹಿಂಬದಿಯ ಕಾಗದದ ಮೊಹರು ಹಾಗೇ ಇತ್ತು.

ಮೊದಲು ಪೈಲ್ವಾನ್ ಹಾಡಿತು.

ಪ್ಲೇಟಿನಲ್ಲಿದ್ದದ್ದು ಒಬ್ಬ ಹೆಂಗಸಿನ ದನಿ ಮತ್ತು ಒಂದೇ ಒಂದು ತಂತಿವಾದ್ಯ. ಮೂವತ್ತು ವರ್ಷದಿಂದ ಮಾವನವರು ಪ್ರತಿ ಪೆಟ್ಟಿಗೆಯನ್ನೂ ಇದೇ ಪ್ಲೇಟಿನಿಂದ ಅಳೆದವರು. ಪೈಲ್ವಾನಿನ ತಳಸದ್ದು ನೆಲದಿಂದ ಅಂಗಾಲಿಗೆ ಏರಿತು. ಆದರೆ ಆಕೆ 'ಸ' ಎಂದಾಗಲೆಲ್ಲ ಕಿವಿಯೊಳಗೆ ಯಾರೋ ಗುಂಡುಸೂಜಿ ಆಡಿಸಿದಂತಾಗುತ್ತಿತ್ತು. ಹಡಗಿನವರ ಎಡಗಣ್ಣಿನ ರೆಪ್ಪೆ ಪ್ರತಿ 'ಸ'ಕ್ಕೂ ಚಿಮ್ಮಿತು. ಮಾವನವರು ಮಾತ್ರ ಮುಗುಳ್ನಗುತ್ತ, "ಹೇಗಿದೆ ಸ್ಪಷ್ಟ? ಕನ್ನಡಿ ಒರೆಸಿಟ್ಟ ಹಾಗೆ!" ಎಂದರು.

ಹಡಗಿನವರು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಎರಡು ವರ್ಷದಿಂದ ನಾನು ಹೀಗೆ ತಲೆಯಾಡಿಸುತ್ತ ಬಂದಿದ್ದೆ. ಚುಚ್ಚಿದರೆ ಅದು ನನ್ನ ಕಿವಿಗೆ ಸಂಸ್ಕಾರ ಸಾಲದ್ದರಿಂದ ಎಂದೇ ನನ್ನ ನಂಬಿಕೆ.

ಅತ್ತೆ-ಸೊಸೆಯದೂ ಅದೇ ಕಥೆ, ತಳಸದ್ದು ತುಸು ಕಡಿಮೆ, ಅಷ್ಟೆ. ನಂತರ ನಾನು ತಂತಿ ಬದಲಿಸಿ, ಮುಳ್ಳು ನೋಡಿ ಜೋರು ಸಮ ಮಾಡಿ, ಬೀರುವಿಗೆ ಸೂಜಿ ಇಳಿಸಿದೆ.

ಪರದೆ ಇಲ್ಲವಾಯಿತು. ಬೇರೆ ಹೇಗೆ ಹೇಳಲಿ? ಬಟ್ಟೆ ಅಲ್ಲೇ ಇತ್ತು, ಅದರ ಹಿಂದಿನ ಗೋಡೆಯೂ ಅಲ್ಲೇ ಇತ್ತು, ಆದರೆ ಅವೆರಡನ್ನೂ ದಾಟಿ ಇನ್ನೊಂದು ಕೋಣೆ ತೆರೆದುಕೊಂಡಿತು. ಆ ಕೋಣೆಗೆ ಎತ್ತರದ ಛಾವಣಿಯಿತ್ತು. ಅದರ ನಡುವೆ ಒಬ್ಬಳು ನಿಂತಿದ್ದಳು, ನನಗಿಂತ ಒಂದು ಗೇಣು ಕುಳ್ಳಗೆ. ಹಾಡುವ ಮೊದಲು ಅವಳ ತುಟಿಗಳು ಬೇರೆಯಾದದ್ದು ನನಗೆ ಕೇಳಿಸಿತು, ಒದ್ದೆ ತುಟಿಗಳು. ಉಸಿರು ಒಳಗೆ ಹೋಯಿತು. ತಂತಿಯ ಮೇಲೆ ಬೆರಳು ಜಾರಿದಾಗ ಉಗುರಿನ ಒರಟು ಕೂಡ ಬಂತು. ಹನ್ನೊಂದು ವರ್ಷದಿಂದ ಬಾಯಿಪಾಠವಾಗಿದ್ದ ಹಾಡಿನ ಹಿಂದೆ ಇಷ್ಟೊಂದು ಜೀವ ಅಡಗಿ ಕುಳಿತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಎದ್ದು ಹೋಗಿ ಅವಳಿಗೆ ಕುಡಿಯಲು ನೀರು ಕೊಡಬೇಕೆನ್ನಿಸಿತು.

ಹಡಗಿನವರ ಕೈಯ ಲೋಟ ತುಟಿಗೂ ಮಡಿಲಿಗೂ ನಡುವೆ ನಿಂತುಹೋಗಿತ್ತು.

ಮಾವನವರು ಹುಬ್ಬು ಗಂಟಿಕ್ಕಿ ಸೂಜಿ ಎತ್ತಿದರು.

"ಮಬ್ಬು," ಎಂದರು. "ಪಾಪ, ಒಳ್ಳೆ ಮರ. ಆದ್ರೆ ಕಂಬಳಿ ಹೊದ್ದು ಹಾಡ್ದ ಹಾಗಿದೆ."

ಹಡಗಿನವರು ಲೋಟ ಕೆಳಗಿಟ್ಟರು. "ಹೌದಾ? ನನಗೆ... ಇದೇ ಹಿಡಿಸ್ತು ಅಂತ ಅನ್ಸಿತ್ತು. ಹೇಳಿದ್ನಲ್ಲ, ನಂದು ಎಂಜಿನ್ ಕಿವಿ."

"ಹಿಡಿಸಿದ್ರೆ ಇದನ್ನೇ ತಗೊಳ್ಳಿ. ಹೀಗೇ ಕೊಡಲ್ಲ ಅಷ್ಟೆ. ಒಳಗಿನ ಹಲಗೆ ಸೊರಗಿದೆ, ಅದನ್ನ ಕಿತ್ತು ಟ್ವೀಟರಿಗೆ ಪಾಲು ಜಾಸ್ತಿ ಮಾಡಿ ಕೊಡ್ತೀನಿ. ನಾಲ್ಕು ಗಂಟೆಗೆ ಬನ್ನಿ, ಗುರುತೇ ಸಿಗಲ್ಲ ನಿಮಗೆ."

"ನೀವು ಹೇಳಿದ ಮೇಲೆ ಮುಗೀತು," ಎಂದು ಅವರು ಎದ್ದರು.

ಬಾಗಿಲವರೆಗೆ ಹೋದವರು ಒಮ್ಮೆ ತಿರುಗಿ ಪರದೆಯ ಕಡೆ ನೋಡಿದರು. ನಂತರ ಹೋದರು.

ಅದೇ ಹೊತ್ತಿಗೆ ಮೇಲಿನ ಅಡುಗೆಮನೆಯಲ್ಲಿ ಕೆಟಲು ಸಿಳ್ಳೆ ಹಾಕಿತು. ತೆಳ್ಳಗಿನ, ಚೀರುವ ಸಿಳ್ಳೆ. ಮೆಟ್ಟಿಲ ಸಂದಿಯಿಂದ ಇಳಿದು ಕೋಣೆಯ ಮೂಲೆ ಮೂಲೆಗೆ ಬಡಿಯಿತು. ನಾನು ಕಿವಿ ಮುಚ್ಚಿಕೊಂಡೆ. ಮಾವನವರು ಸ್ಕ್ರೂಡ್ರೈವರ್ ಹುಡುಕುತ್ತ, ಶಾಂತವಾಗಿ, "ಏನಮ್ಮ, ನಿಮ್ಮತ್ತೆ ಇನ್ನೂ ನೀರೇ ಇಟ್ಟಿಲ್ಲ ಅಂತ ಕಾಣತ್ತೆ" ಎಂದರು.

ಸಿಳ್ಳೆ ಕೂಗುತ್ತಲೇ ಇತ್ತು.

ಅದು ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಎರಡು ವರ್ಷಗಳ ಗಿರಾಕಿಗಳು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದು ನಿಂತರು. ರಿಪೇರಿಯಾಗಿ ಹೋದ ಪೆಟ್ಟಿಗೆಗಳ ಮೇಲೆ, ಸರಿಯಾಗಿ ಟ್ವೀಟರಿನ ಮೇಲೆಯೇ, ಧೂಳಿಗೆಂದು ಟವೆಲು ಇಳಿಬಿಟ್ಟಿದ್ದ ದರ್ಜಿ. ಪೆಟ್ಟಿಗೆಗಳನ್ನು ಗೋಡೆಯ ಕಡೆ ತಿರುಗಿಸಿಟ್ಟು "ಕೋಣೆ ಚಿಕ್ಕದು ನೋಡಿ" ಎಂದಿದ್ದ ಹಲ್ಲಿನ ಡಾಕ್ಟರು. "ಸ್ವಲ್ಪ ಚುರುಕು ಜಾಸ್ತಿ ಅಲ್ವಾ?" ಎಂದು ಕೇಳಿ, ಮಾವನವರ ಮುಖ ನೋಡಿ, "ಅಭ್ಯಾಸ ಆಗತ್ತೆ ಬಿಡಿ" ಎಂದು ತಾವೇ ಸಮಾಧಾನ ಹೇಳಿಕೊಂಡು ಹೋದ ಟೀಚರು. ಎಲ್ಲರಿಗೂ ಗೊತ್ತಾಗಿತ್ತು. 'ಕಿವಿ'ಗೇ ತಪ್ಪು ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ತಮ್ಮ ಕಿವಿಯಲ್ಲಿ ಕಳೆದುಹೋದದ್ದನ್ನು ಮಾವನವರು ಒಂದೊಂದು ಪೆಟ್ಟಿಗೆಗೂ ತುಂಬುತ್ತ ಬಂದಿದ್ದರು. ತಮಗೆ ಕೇಳುವವರೆಗೂ ತುಂಬಿದ್ದರು.

ಮತ್ತು ಈಗ ಬೀರುವಿನ ಸರದಿ.

ನಾನು ಮೇಲೆ ಓಡಿದೆ. ಅತ್ತೆಯವರು ಕೆಟಲು ಇಳಿಸಿ ಲೋಟಗಳಿಗೆ ಟೀ ಬಗ್ಗಿಸುತ್ತಿದ್ದರು.

"ಅತ್ತೆ, ಮಾವನಿಗೆ ಕಿವಿ..."

"ಕೇಳಲ್ಲ," ಎಂದರು ಅತ್ತೆ, ತಿರುಗಿಯೂ ನೋಡದೆ. "ಇದೇನು ಹೊಸಾದಾ? ನಲವತ್ತು ವರ್ಷದಿಂದ ನನ್ನ ಮಾತು ಆ ಕಿವಿಗೆ ಬಿದ್ದೇ ಇಲ್ಲ."

"ತಮಾಷೆ ಅಲ್ಲ ಅತ್ತೆ."

ಅವರು ಪಾತ್ರೆ ಕೆಳಗಿಟ್ಟರು. "ತಮಾಷೆ ಅಲ್ಲ ಅಂತ ನನಗೂ ಗೊತ್ತು ಕಣೇ. ಬಾಗಿಲ ಗಂಟೆ ಕೇಳ್ತಿರ್ಲಿಲ್ಲ, ದಪ್ಪ ಸದ್ದಿನದು ಹಾಕ್ಸಿದೆ. ಗಡಿಯಾರದ ಅಲಾರಂ ಕೇಳ್ತಿರ್ಲಿಲ್ಲ, ನಾನೇ ಎಬ್ಬಿಸ್ದೆ. ಇನ್ನೇನು ಮಾಡ್ಲಿ? ಹೋಗಿ ಹೇಳ್ಲಾ, ರೀ, ನಿಮ್ಮ ಕೈ ಕತ್ತರಿಸಿ ಹೋಗಿದೆ, ನೋಡ್ಕೊಳ್ಳಿ ಅಂತ?"

"ಹೇಳದೆ ಇದ್ರೆ ಈಗ ಆ ಬೀರುನ ಹಾಳು ಮಾಡ್ತಾರೆ. ಆ ಕಂಪನಿಯವರು ಒಳಗಿನ ಹಲಗೆ ಮೇಣದಲ್ಲಿ ಮುಳುಗಿಸಿ ಇಡ್ತಿದ್ರು. ಕರಗಿಸಿ ಕಿತ್ತರೆ ಮತ್ತೆ ಕೂಡಿಸೋಕೆ ಆಗಲ್ಲ. ಯಾವ ಸುರುಳಿ ಎಷ್ಟು ಸುತ್ತು ಅಂತ ಮಾಡಿದೋರು ಎಲ್ಲೂ ಬರೆದಿಲ್ಲ."

ಅತ್ತೆ ನನ್ನ ಮುಖ ನೋಡಿದರು. "ಅದು ಅಷ್ಟು ಚೆನ್ನಾಗಿದ್ಯಾ?"

ನನ್ನ ಕಣ್ಣು ತುಂಬಿತು.

"ನಾನು ಹೇಳಿದ್ರೆ ಹೆಂಡತಿ ಮಾತು, ಕೊಡವಿಕೊಂಡು ಹೋಗ್ತಾರೆ," ಎಂದರು ಅತ್ತೆ, ಲೋಟ ನನ್ನ ಕೈಗಿಡುತ್ತ. "ಕೆಲಸದಲ್ಲಿ ನಿನ್ನ ಮಾತು ಕೇಳ್ತಾರೆ. ನೀನೇ ನೋಡು. ಆದ್ರೆ ಹೊರಗಿನವರ ಎದುರಿಗೆ ಬೇಡಮ್ಮ."

ಕೆಳಗೆ ಬಂದಾಗ ಪರದೆ ಸರಿದಿತ್ತು. ಬೀರುವಿನ ಹಿಂಬದಿಯ ಮೊಹರು ಸೀಳಿತ್ತು. ಮಾವನವರು ಹಿಂಬದಿಯ ಹಲಗೆ ಬಿಚ್ಚಿ ಗೋಡೆಗೆ ಒರಗಿಸಿ, ಒಳಗಿನ ತಗಡಿನ ಡಬ್ಬಿಯ ಮೇಲೆ ಬೆಳಕು ಬಿಟ್ಟಿದ್ದರು. ಹಳದಿ ಮೇಣ ಹಾಗೇ ಹೊಳೆಯುತ್ತಿತ್ತು, ನಿನ್ನೆ ಎರೆದಂತೆ. ಮೇಜಿನ ಮೇಲೆ ಬೆಸುಗೆ ಕಡ್ಡಿ ಕಾಯುತ್ತಿತ್ತು. ಗೋಡೆ ಗಡಿಯಾರದಲ್ಲಿ ಹನ್ನೆರಡೂಕಾಲು.

"ನೋಡು, ಎಂಥ ಕೆಲಸ!" ಅವರ ದನಿಯಲ್ಲಿ ನಿಜವಾದ ಬೆರಗಿತ್ತು. "ಆಗಿನ ಕಾಲದೋರು ದೇವರಿಗೆ ಮಾಡಿದ ಹಾಗೆ ಮಾಡ್ತಿದ್ರು. ಕರಗಿಸೋಕೆ ಕೈ ಬರಲ್ಲ ಕಣಮ್ಮ."

"ಹಾಗಾದ್ರೆ ಬಿಡಿ ಮಾವ."

"ಬಿಟ್ರೆ? ಹಾಡೋಕೆ ಬಾರದ ಪೆಟ್ಟಿಗೇನ ನನ್ನ ಹೆಸರಲ್ಲಿ ಆಚೆ ಕಳಿಸ್ಲಾ?"

ನಾನು ಹೊತ್ತು ತಳ್ಳಲು ನೋಡಿದೆ. ಎಡಗಡೆ ಕೋನಿನ ಅಂಚು ಪರೀಕ್ಷಿಸಬೇಕೆಂದೆ, ಪರೀಕ್ಷಿಸಿದೆವು, ಸರಿಯಿತ್ತು. ಊಟ ಮುಗಿಸಿ ಬರೋಣವೆಂದೆ, ಮುಗಿಸಿ ಬಂದೆವು. ತಂತಿಗಳಿಗೆ ಗುರುತುಚೀಟಿ ಕಟ್ಟಬೇಕೆಂದೆ, ಕಟ್ಟಿದೆ. ಒಂದೂಮುಕ್ಕಾಲಾಯಿತು. ಎರಡಾಯಿತು. ನನಗೆ ಕೇಳುವುದನ್ನು ಕಲಿಸಿದವರಿಗೆ ನಿಮಗೆ ಕೇಳುವುದಿಲ್ಲವೆಂದು ಯಾವ ಬಾಯಿಂದ ಹೇಳಲಿ?

ಮಾವನವರು ಬಿಸಿ ಕಡ್ಡಿಯನ್ನು ಕೈಗೆ ತೆಗೆದುಕೊಂಡರು. ಮೇಣದಿಂದ ಕಡ್ಡಿಯ ತುದಿಗೆ ಒಂದು ಗೇಣು ದೂರ.

"ಮಾವ, ಏಣಿ ಹತ್ತಿಸಿಲ್ಲ!"

ನನ್ನ ದನಿ ನನಗೇ ಅಪರಿಚಿತವೆನ್ನಿಸುವಷ್ಟು ಜೋರಾಗಿತ್ತು. ಅವರ ಕೈ ನಿಂತಿತು.

ಏಣಿ ಎಂಬುದು ನಮ್ಮ ಮನೆಯ ಮಾತು. ಶುದ್ಧ ಸ್ವರ ಹೊರಡಿಸುವ ಒಂದು ಯಂತ್ರವಿದೆ. ಗುಂಡಿ ತಿರುವಿದಂತೆ ಸದ್ದು ತಳದಿಂದ ಮೇಲಕ್ಕೆ, ಗುಡುಗಿನಿಂದ ಸಿಳ್ಳೆಗೆ, ಒಂದೇ ಸಮನೆ ಏರುತ್ತದೆ. ಬಿಲ್ಲೆಯ ಮೇಲಿನ ಅಂಕಿ ಎಷ್ಟನೇ ಮೆಟ್ಟಿಲೆಂದು ತೋರಿಸುತ್ತದೆ. ಪೆಟ್ಟಿಗೆ ಎಲ್ಲಿ ಗೊರಗೊರ ಎನ್ನುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಅದರಿಂದ ಬಯಲಾಗುತ್ತದೆ. ಏಣಿ ಹತ್ತಿಸದ ಪೆಟ್ಟಿಗೆಗೆ ಕೈ ಹಾಕಬಾರದು ಎಂಬುದು ಮಾವನವರು ನನಗೆ ಕಲಿಸಿದ ಮೊದಲ ಪಾಠ. ಇತ್ತೀಚೆಗೆ ಅವರೇ ಅದನ್ನು ಬಿಟ್ಟಿದ್ದರು. ಯಂತ್ರದ ಮೇಲೆ ಧೂಳು ಕುಳಿತಿತ್ತು.

"ಇಷ್ಟು ವರ್ಷ ಆದ ಮೇಲೂ ಏಣಿ ಬೇಕಾ ನನಗೆ?"

"ನಿಮಗೆ ಬೇಡ. ನಾನು ಕಲೀಬೇಕಲ್ಲ."

ಅವರು ನಕ್ಕರು. ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. "ಸರಿ, ತಿರುವು. ಸೊರಗಿರೋದನ್ನ ನೀನೇ ಕಿವಿಯಾರೆ ಕೇಳು."

ನಾನು ಬೀರುವಿಗೆ ಯಂತ್ರದ ತಂತಿ ಸೇರಿಸಿ ಗುಂಡಿ ತಿರುವಿದೆ. ತಳದ ಗುಂಯ್ ಮೇಲೇರಿತು. ಮಾವನವರು ಕಣ್ಣು ಮುಚ್ಚಿ, ಬಲಗೈಯ ಬೆರಳೊಂದನ್ನು ಎತ್ತಿ ಹಿಡಿದಿದ್ದರು. ಸದ್ದು ಇರುವವರೆಗೂ ಬೆರಳು ಮೇಲೆ. ಐನೂರು. ಸಾವಿರ. ಎರಡು ಸಾವಿರ. ನಾಲ್ಕು ಸಾವಿರ. ಬೆರಳು ಅಲುಗಲಿಲ್ಲ. ಐದು ಸಾವಿರ ದಾಟಿತು.

ಬೆರಳು ಕೆಳಗಿಳಿಯಿತು.

"ನೋಡಿದ್ಯಾ? ಐದು ಸಾವಿರ ಚಿಲ್ಲರೆಗೆ ಸತ್ತುಹೋಯ್ತು. ಹೇಳ್ಲಿಲ್ವಾ?"

ಸದ್ದು ಸತ್ತಿರಲಿಲ್ಲ. ಬೆಳ್ಳಿಯ ಎಳೆಯಂತೆ ನೆಟ್ಟಗೆ, ಒಂದಿಷ್ಟೂ ನಡುಗದೆ, ನನ್ನೆರಡು ಕಿವಿಗಳ ನಡುವೆ ನಿಂತಿತ್ತು. ನಾನು ಗುಂಡಿ ತಿರುವುತ್ತಲೇ ಹೋದೆ. ಎಂಟು ಸಾವಿರ. ಹತ್ತು. ಹನ್ನೆರಡು. ಎಂಥ ಪೆಟ್ಟಿಗೆಯದು! ನಲವತ್ತು ವರ್ಷದ ಟ್ವೀಟರು ಮೆಟ್ಟಿಲು ತಪ್ಪದೆ ಏರುತ್ತಿತ್ತು.

ಇಲ್ಲಿ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಮಾವ, ಪೈಲ್ವಾನಿಗೂ ಒಮ್ಮೆ ಹತ್ತಿಸೋಣ. ಹೋಲಿಸಿ ನೋಡಕ್ಕೆ."

"ಅದು ನಾನೇ ಮಾಡಿದ್ದು. ಹತ್ತು ಹನ್ನೆರಡು ಸಾವಿರಕ್ಕೆ ಮೋಸ ಇಲ್ಲ ಅದು."

"ಅದಕ್ಕೇ."

ತಂತಿ ಬದಲಿಸಿದೆ. ಬೆರಳು ಮತ್ತೆ ಮೇಲೆದ್ದಿತು. ಸಾವಿರ. ಮೂರು ಸಾವಿರ. ಐದು ಸಾವಿರ. ಅಲ್ಲಿಂದ ಕೂದಲೆಳೆಯಷ್ಟು ಮುಂದೆ.

ಬೆರಳು ಇಳಿಯಿತು.

ಮಾವನವರು ಕಣ್ಣು ತೆರೆದರು. ಬಿಲ್ಲೆಯ ಅಂಕಿ ನೋಡಿದರು. "ತಂತಿ ಸಡಿಲ ಇರ್ಬೇಕು" ಎಂದರು. ತಾವೇ ಹೋಗಿ ತಂತಿ ಬಿಗಿ ಮಾಡಿ ಬಂದರು. ಮತ್ತೆ ತಿರುವಿದೆ. ಅದೇ ಅಂಕಿ.

ಅವರು ಅತ್ತೆ-ಸೊಸೆಯ ಕಡೆ ಕೈ ತೋರಿಸಿದರು. ಮೂರನೆಯ ಸಲ ತಂತಿ ಬದಲಿಸಿದೆ. ಈ ಬಾರಿ ಅವರು ಕಣ್ಣು ಮುಚ್ಚಲಿಲ್ಲ. ಗುಂಡಿಯನ್ನೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತರು. ಐದು ಸಾವಿರದಲ್ಲಿ ಬೆರಳು ಇಳಿಯಿತು. ನಾನು ನಿಲ್ಲಿಸಲಿಲ್ಲ. ಸಿಳ್ಳೆ ತೀಕ್ಷ್ಣವಾಗುತ್ತ ಹೋಯಿತು. ಒಂಬತ್ತು ಸಾವಿರದ ಹೊತ್ತಿಗೆ ತಡೆಯಲಾಗದೆ ನನ್ನ ಹುಬ್ಬು ತಾನಾಗಿ ಬಿಗಿಯಿತು, ಕಣ್ಣು ಕಿರಿದಾಯಿತು.

ಅವರು ಅದನ್ನು ಕಂಡರು.

ಕೋಣೆಯಲ್ಲಿ ನನಗೊಬ್ಬಳಿಗೇ ಕೇಳುವ ಸದ್ದು ತುಂಬಿತ್ತು. ನಾನು ಯಂತ್ರ ಆರಿಸಿದೆ.

"ಬೇರೆ ಬೇರೆ ಕೈ ಮಾಡಿದ್ದು ಮೂರು ಜೋಡಿ," ಎಂದರು ಮಾವನವರು ನಿಧಾನವಾಗಿ, ತಮಗೆ ತಾವೇ ಲೆಕ್ಕ ಒಪ್ಪಿಸುವವರಂತೆ. "ಮೂರೂ ಒಂದೇ ಮೆಟ್ಟಿಲಲ್ಲಿ ಸಾಯಲ್ಲ."

ನಾನು ತಲೆ ತಗ್ಗಿಸಿದೆ.

"ಯಾವಾಗಿಂದ?"

"ಎರಡು ವರ್ಷ ಆಗಿರ್ಬೇಕು ಮಾವ. ನನಗೂ ಇವತ್ತೇ ಗೊತ್ತಾಗಿದ್ದು. ನನ್ನ ಕಿವಿನೇ ಸರಿ ಇಲ್ಲ ಅಂದ್ಕೊಂಡಿದ್ದೆ."

ಅವರು ಸ್ಟೂಲಿನ ಮೇಲೆ ಕುಳಿತರು. ಧೂಳು ಕುಳಿತ ಯಂತ್ರದ ಮೇಲೆ ಬೆರಳಾಡಿಸಿದರು. "ಅದಕ್ಕೇ ಇದನ್ನ ಮುಟ್ತಾ ಇರ್ಲಿಲ್ಲ ಅನ್ಸತ್ತೆ ನಾನು. ಒಳಗೆ ಎಲ್ಲೋ ಗೊತ್ತಿತ್ತೇನೋ." ಧೂಳಿನ ಬೆರಳು ಒರೆಸಿಕೊಂಡು, "ಎಷ್ಟು ಜೋಡಿ ಆಚೆ ಹೋಗಿದೆ?"

"ಹತ್ತೊಂಬತ್ತು."

"ಹತ್ತೊಂಬತ್ತು ಮನೇಲಿ ಕಿವಿ ಚುಚ್ತಾ ಕೂತಿದ್ದೀನಿ ಅನ್ನು." ಅವರು ನಗಲು ನೋಡಿದರು, ನಗು ಅರ್ಧಕ್ಕೆ ನಿಂತಿತು. ಮುಖ ಗೋಡೆಯ ಕಡೆ ತಿರುಗಿತು. ಅಗಲವಾದ ಆ ಬೆನ್ನು ಒಮ್ಮೆ, ಎರಡು ಸಲ ಅಲುಗಿತು. ನಾನು ಹೋಗಿ ಬೆಸುಗೆ ಕಡ್ಡಿಯ ಸ್ವಿಚ್ಚು ಆರಿಸಿದೆ.

ಎಷ್ಟೋ ಹೊತ್ತಿನ ಮೇಲೆ ಅವರು ಎದ್ದು, ಗೋಡೆಗೊರಗಿದ್ದ ಹಿಂಬದಿಯ ಹಲಗೆಯನ್ನು ಎತ್ತಿ ತಂದರು. ಸ್ಕ್ರೂಗಳನ್ನು ಒಂದೊಂದಾಗಿ ತಾವೇ ಬಿಗಿ ಮಾಡಿದರು. ಮೇಣ ಮತ್ತೆ ಕತ್ತಲೊಳಗೆ ಹೋಯಿತು.

"ನಾಳೆಯಿಂದ ಹತ್ತೊಂಬತ್ತೂ ವಾಪಸ್ ತರ್ಸು. ಪಾಲು ನೀನು ಗೊತ್ತು ಮಾಡು. ನಿನ್ನ ಕಿವೀಲಿ."

"ಮಾವ, ನನಗೆ ಎಲ್ಲಿ ಬರತ್ತೆ..."

"ಬೆಳಿಗ್ಗೆ ಬೀರು ಹಾಡ್ದಾಗ ನಿನ್ನ ಮುಖ ನೋಡ್ದೆ. ಬರತ್ತೆ."

ನಾಲ್ಕಕ್ಕೆ ಸರಿಯಾಗಿ ಹಡಗಿನವರು ಬಂದರು. ಅತ್ತೆಯವರೂ ಕೆಳಗಿಳಿದು ಬಂದು, ಬಾಗಿಲ ಬಳಿ ಸೆರಗು ಹಿಡಿದು ನಿಂತರು. ಹೊರಗಿನವರ ಎದುರು ಬೇಡವೆಂದು ನನಗೆ ಕಣ್ಸನ್ನೆ ಮಾಡಿದರು.

ಮಾತು ತೆಗೆದವರು ಮಾವನವರೇ. "ಕೂತ್ಕೊಳ್ಳಿ. ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಈ ಪೆಟ್ಟಿಗೆಗೆ ಏನೂ ಆಗಿಲ್ಲ, ನಾನು ಮುಟ್ಟಿಲ್ಲ. ಕೆಟ್ಟಿರೋದು ನನ್ನ ಕಿವಿ. ಐದು ಸಾವಿರದಿಂದ ಆಚೆ ನನಗೆ ಏನೂ ಕೇಳ್ಸಲ್ಲ. ಇವತ್ತು ಮಧ್ಯಾಹ್ನ ಗೊತ್ತಾಯ್ತು."

ಅತ್ತೆಯವರ ಕೈ ಬಾಯಿಗೆ ಹೋಯಿತು.

ಹಡಗಿನವರು ದೊಡ್ಡದೊಂದು ಉಸಿರು ಬಿಟ್ಟು, "ಸದ್ಯ!" ಎಂದರು. "ತಪ್ಪು ತಿಳ್ಕೋಬೇಡಿ ಸ್ವಾಮಿ. ಬೆಳಿಗ್ಗೆಯಿಂದ ಮನೇಲಿ ಕೂತು ಯೋಚ್ನೆ ಮಾಡ್ತಿದ್ದೆ, ನನಗೆ ಅಷ್ಟು ಚೆನ್ನಾಗಿ ಕೇಳ್ಸಿದ್ದು ನಾಲ್ಕು ಗಂಟೆಗೆ ಇರಲ್ವಲ್ಲ ಅಂತ. ದಾರೀಲಿ ಎರಡು ಸಲ ವಾಪಸ್ ಹೋಗೋಣ ಅನ್ಸ್ತು."

"ಹಾಗಾದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತಪ್ಪ!"

"ನಿಮಗೆ ಹೇಳೋ ಗಂಡು ಹುಟ್ಟಿದಾನಾ ಈ ಕಸುಬಲ್ಲಿ?"

"ಗಂಡು ಹುಟ್ಟಿಲ್ಲ," ಎಂದರು ಅತ್ತೆ ಬಾಗಿಲ ಬಳಿಯಿಂದ. "ನಮ್ಮ ಮನೆಗೆ ಸೊಸೆ ಬಂದಿದಾಳೆ."

ಮಾವನವರು ಕುರ್ಚಿಯನ್ನು ಬೀರುವಿನ ಒಂದು ಪೆಟ್ಟಿಗೆಯ ಪಕ್ಕಕ್ಕೇ ಎಳೆದುಕೊಂಡು ಕುಳಿತರು. "ಒಯ್ಯೋ ಮೊದಲು ಪೂರ್ತಿ ಹಾಡು ಹಾಕಮ್ಮ. ನೀನು ಇಲ್ಲಿ ಬಾ. ಮೇಲೆ ಏನೇನಿದೆ, ನನಗೆ ಹೇಳ್ತಾ ಹೋಗು."

ಸೂಜಿ ಇಳಿಸಿ ನಾನು ಅವರ ಬಳಿ ನೆಲದ ಮೇಲೆ ಕುಳಿತೆ. ಆ ಇನ್ನೊಂದು ಕೋಣೆ ಮತ್ತೆ ತೆರೆಯಿತು. ನಾನು ಅವರ ಕಿವಿಗೆ ಹತ್ತಿರವಾಗಿ ಹೇಳುತ್ತ ಹೋದೆ. "ಈಗ ಉಸಿರು ತಗೊಂಡ್ರು, ಮೂಗಿಂದಲ್ಲ, ಬಾಯಿಂದ. ಈಗ ತಂತಿ ಮೇಲೆ ಉಗುರು. ಈ ಸಾಲಿನ ಕೊನೇಲಿ ದನಿ ನಿಂತ ಮೇಲೂ ಗಾಳಿ ಉಳಿದಿದೆ, ಹೊಗೆ ಥರ. ಈಗ ಏನೋ ಮಿರುಗ್ತಿದೆ, ಬಳೆ ಇರ್ಬೇಕು, ಎರಡು ಬಳೆ." ಅವರು ಕಣ್ಣು ಮುಚ್ಚಿ, ಒಂದು ಅಂಗೈಯನ್ನು ಪೆಟ್ಟಿಗೆಯ ಮಗ್ಗುಲಿಗೆ ಒತ್ತಿ, ಪ್ರತಿ ಮಾತಿಗೂ ತಲೆದೂಗುತ್ತಿದ್ದರು.

ಎರಡನೇ ಚರಣ ಮುಗಿದು ಮೂರನೆಯದು ಶುರುವಾಗುವ ಮೊದಲು ಆಕೆ ತುಸು ಹೆಚ್ಚು ಹೊತ್ತು ನಿಲ್ಲುತ್ತಾಳೆ. "ಇಲ್ಲಿ ಏನೂ ಇಲ್ಲ ಮಾವ, ಸುಮ್ನಿದ್ದಾರೆ" ಎಂದೆ.

"ಶ್!"

ಅವರ ಕಣ್ಣು ಅಗಲವಾಗಿ ತೆರೆದಿತ್ತು. ಕೈ ನೀಡಿ ತಾವೇ ಸೂಜಿ ಎತ್ತಿದರು; ಅಂಗೈಯನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ಕಾದರು. ಮತ್ತೆ ಅದೇ ಜಾಗಕ್ಕೆ ಸೂಜಿ ಇಳಿಸಿದರು. ಮತ್ತೆ ಎತ್ತಿದರು. ಮೂರನೆಯ ಸಲ ಇಳಿಸಿ, ನನ್ನ ಮಣಿಕಟ್ಟು ಹಿಡಿದು, ನನ್ನ ಅಂಗೈಯನ್ನು ಮರಕ್ಕೆ ಒತ್ತಿದರು.

"ಪ್ಲೇಟು ತಿರುಗಿಸೋ ಯಂತ್ರದ ಗುಡುಗಲ್ಲ. ಪ್ಲೇಟಲ್ಲೇ ಇದೆ. ಕೇಳು. ಕಿವೀಲಿ ಬೇಡ, ಕೈಯಲ್ಲಿ."

ಮೊದಲು ಏನೂ ತಿಳಿಯಲಿಲ್ಲ. ನಂತರ ಬಹು ಆಳದಿಂದ, ಕಿವಿಗೆ ನಿಲುಕದ ತಳದಿಂದ, ಒಂದು ನಡುಕ ಮರದೊಳಗೆ ಹುಟ್ಟಿತು. ಏನೋ ಭಾರವಾದದ್ದು ದೂರದಿಂದ ಬರುತ್ತಿತ್ತು. ಉದ್ದವಾದದ್ದು. ಚಕ್ರಗಳಿದ್ದದ್ದು. ಆಕೆ ನಿಂತಿದ್ದ ಕೋಣೆಯ ನೆಲದಡಿಯಲ್ಲಿ ಅದು ಹಾದುಹೋಗುತ್ತಿತ್ತು.

"ರೈಲು," ಎಂದು ಪಿಸುಗುಟ್ಟಿದರು ಮಾವನವರು. "ಮೂವತ್ತು ವರ್ಷ ಈ ನಿಲುಗಡೆ ಆಕೆಯ ಕಲೆ ಅಂತ ತಿಳ್ಕೊಂಡಿದ್ದೆ. ರೈಲು ಹೋಗ್ಲಿ ಅಂತ ಕಾಯ್ತಿದಾಳಮ್ಮ. ಯಾವ ಪೆಟ್ಟಿಗೆನೂ ನನಗೆ ಇದನ್ನ ಹೇಳಿರ್ಲಿಲ್ಲ."

ಹಡಗಿನವರು ಬಂದು ಮಂಡಿಯೂರಿ ಕೈಯಿಟ್ಟರು. ಅತ್ತೆಯವರೂ ಬಂದು, ಹಿಂಜರಿಯುತ್ತ, ಎರಡು ಬೆರಳು ಮುಟ್ಟಿಸಿದರು. ಮರದೊಳಗೆ ರೈಲಿನ ಕೊನೆಯ ಬೋಗಿಯೂ ದಾಟಿಹೋಯಿತು. ನಡುಕ ತೆಳುವಾಯಿತು, ಇಲ್ಲವಾಯಿತು.

"ಈಗ ಉಸಿರು ತಗೊಂಡ್ರು," ಎಂದೆ ನಾನು. ಆಕೆ ಮೂರನೆಯ ಚರಣ ಹಾಡತೊಡಗಿದಳು.